ತಾಲ್ಲೂಕೂ ಮಗುವೂ: ನಂಜುಂಡಪ್ಪ ವರದಿಯ ವಿದ್ಯಾಭ್ಯಾಸ ಭಾಗದ ವಿಮರ್ಶೆ

ಕರ್ನಾಟಕದ ಏಕೀಕರಣವಾದಂದಿನಿಂದ ಹೊರಬಿದ್ದ ಸರಕಾರೀ ಗ್ರಂಥಗಳಲ್ಲಿ, ಡಾ|| ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿಯು 2002ರ ಜೂನ್ ತಿಂಗಳಲ್ಲಿ ಒಪ್ಪಿಸಿದ ಪ್ರಾದೇಶಿಕ ಅಸಮತೋಲನ ನಿವಾರಣೆಯ ವರದಿಯಷ್ಟು ಹೆಸರುಗೊಂಡುದೂ, ಅದರಷ್ಟು ಕಡಮೆಯಾಗಿ ಓದಲ್ಪಟ್ಟುದೂ ಇನ್ನೊಂದಿರಲಾರದು. ವಿಧಾನಮಂಡಲದ ಚರ್ಚೆಗಳಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ಅದರ ಹೆಸರು ವರ್ಷವರ್ಷವೂ ಬರುತ್ತದೆ. ಅದರ ಕೋಷ್ಟಕಗಳನ್ನು ತೆರೆದು ಕುಳಿತವರು ವಿರಳ. ಗ್ರಂಥವು ಮಂತ್ರವಾದಾಗ ಜಪಿಸುವವರು ಹೆಚ್ಚಿ ಅರ್ಥವನ್ನು ಕೇಳುವವರು ಕಡಮೆಯಾಗುವುದು ಸಹಜವೇ. ಆದುದರಿಂದ ಅದನ್ನು ಒಂದು ಕೃತಿಯೆಂದೇ ಭಾವಿಸಿ, ಅದರಲ್ಲಿ ಮಕ್ಕಳ ವಿದ್ಯಾಭ್ಯಾಸಕ್ಕೆ ಸಂಬಂಧಪಟ್ಟ ಭಾಗವನ್ನು ಪರಿಶೀಲಿಸುವುದು ಅನುಚಿತವಾಗದು. ಅರ್ಥಶಾಸ್ತ್ರದ ಗ್ರಂಥಕ್ಕೆ ಸಾಹಿತ್ಯದ ಉಪಾಧ್ಯಾಯರು ಕೈಯಿಕ್ಕುವುದೇಕೆಂದು ಕೇಳುವವರಿದ್ದರೆ, ಅಂಕೆಯೂ ಒಂದು ಬಗೆಯ ಶಬ್ದವೇ ಆಗಿದ್ದು ಅದಕ್ಕೂ ವಾಚ್ಯಾರ್ಥ, ಲಕ್ಷ್ಯಾರ್ಥಗಳುಂಟೆಂಬುದನ್ನು ಅವರಿಗೆ ನೆನಪು ಮಾಡಿಕೊಡಬೇಕಾಗುತ್ತದೆ.

ಸಮಿತಿಯನ್ನು ಸರಕಾರವು ನೇಮಿಸಿದುದು 2000ದಲ್ಲಿ. ಅಧ್ಯಕ್ಷರು ಅರ್ಥಶಾಸ್ತ್ರದ ಪ್ರಾಧ್ಯಾಪಕರು. ಕರ್ನಾಟಕ ಮತ್ತು ಬೆಂಗಳೂರು ವಿಶ್ವವಿದ್ಯಾಲಯಗಳ ಕುಲಪತಿಗಳಾಗಿಯೂ ರಾಜ್ಯದ ಯೋಜನಾ ಮಂಡಳಿಯಲ್ಲಿಯೂ ಹೊಣೆ ಹೊತ್ತವರು. ಅವರ ಮುಂದಿದ್ದ ಪ್ರಶ್ನೆಯು ಹಳೆಯದು. 1956ರ ನವೆಂಬರ್ 1ರಂದು ಒಂದಾದ ಸೀಮೆಗಳು ಒಂದೇ ಮಟ್ಟದಲ್ಲಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನವು 1913ರಲ್ಲಿಯೂ ವಿಶ್ವವಿದ್ಯಾಲಯವು 1916ರಲ್ಲಿಯೂ ಉಂಟಾದುವು. ನಿಜಾಮರ ಆಳ್ವಿಕೆಯ ಕಲಬುರಗಿಯಲ್ಲಿ ನೂತನ ವಿದ್ಯಾಲಯವು 1907ರಲ್ಲಿ ಖಾಸಗೀ ಪ್ರಯತ್ನದಿಂದ ಹುಟ್ಟಿಕೊಂಡಿತಾದರೂ, ಸಂಸ್ಥಾನದ ವಿದ್ಯಾಭ್ಯಾಸವು ಉರ್ದುವಿನ ಕಡೆಗೆ ಮುಖಮಾಡಿತ್ತು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನ ಭಾಷೆಯೂ ಅದೇ. ಕಲಬುರಗಿಗೆ ತನ್ನದೇ ಆದ ವಿಶ್ವವಿದ್ಯಾಲಯವು ಬಂದುದು 1980ರಲ್ಲಿ. ಈ ಅಂತರವನ್ನು ಭಾಷಣಗಳಲ್ಲಿ ಹೇಳುವವರು ಮೊದಲೂ ಇದ್ದರು. ಅದನ್ನು ಅಳೆದು, ಅಳತೆಗೆ ತಕ್ಕಂತೆ ಹಣವನ್ನು ಹಂಚಬೇಕೆಂದು ಶಾಸ್ತ್ರೀಯವಾಗಿ ವಾದಿಸಿದ ಕೀರ್ತಿಯು ಈ ವರದಿಗೆ ಸಲ್ಲತಕ್ಕದ್ದು.

ವರದಿಯ ರೀತಿಯನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗೆ. ಆಗ ರಾಜ್ಯದಲ್ಲಿದ್ದ ತಾಲ್ಲೂಕುಗಳು 175. ಕೃಷಿ, ಕೈಗಾರಿಕೆ, ರಸ್ತೆ ಬ್ಯಾಂಕು ಮೊದಲಾದ ಆರ್ಥಿಕ ಸೌಕರ್ಯ, ಶಾಲೆ ಆಸ್ಪತ್ರೆ ಮೊದಲಾದ ಸಾಮಾಜಿಕ ಸೌಕರ್ಯ, ಜನಸಂಖ್ಯೆಯ ಲಕ್ಷಣ ಎಂಬ ತಲೆಬರಹಗಳ ಕೆಳಗೆ 35 ಸೂಚಿಗಳನ್ನು ಆರಿಸಿಕೊಂಡು, ಅವುಗಳನ್ನು ಒಂದಾಗಿ ಕೂಡಿಸಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು ಪ್ರತಿ ತಾಲ್ಲೂಕಿಗೂ ಒಂದು ಸಂಖ್ಯೆಯನ್ನು ಕೊಟ್ಟಿದೆ. ಸಂಖ್ಯೆಯು 1ಕ್ಕಿಂತ ಕಡಮೆಯಾದ ತಾಲ್ಲೂಕು ಹಿಂದುಳಿದುದು. ಹಾಗೆ ಹಿಂದುಳಿದುವು 114; ಅವುಗಳಲ್ಲಿ 39 ಅತ್ಯಂತ ಹಿಂದುಳಿದುವು, 40 ಅತಿ ಹಿಂದುಳಿದುವು, 35 ಹಿಂದುಳಿದುವು. ಅತ್ಯಂತ ಹಿಂದುಳಿದ 39ರಲ್ಲಿ ಅರ್ಧಕ್ಕೂ ಹೆಚ್ಚಿನವು ಕಲಬುರಗಿ ವಿಭಾಗವೊಂದರಲ್ಲಿಯೇ ಇದ್ದುವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳನ್ನು ವೆಚ್ಚ ಮಾಡಬೇಕೆಂದೂ, ಉತ್ತರದ ಜಿಲ್ಲೆಗಳಿಗೆ ನೂರಕ್ಕೆ 60ರಷ್ಟು ಪಾಲು ಸಲ್ಲಬೇಕೆಂದೂ ಸಮಿತಿಯು ಸೂಚಿಸಿತು. ಅದರ ವಿಶೇಷ ಯೋಜನೆಯು ಕಾರ್ಯರೂಪಕ್ಕೆ ಬಂದುದು 2007-08ರಲ್ಲಿ.

ಈ ಕೃತಿಯ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ಅದಕ್ಕೆ ಮುಂಚೆ ಹಿಂದುಳಿದಿರುವಿಕೆಯೆಂಬುದು ಸೀಮೆಸೀಮೆಗಳ ನಡುವಣ ವಾಗ್ವಾದವಾಗಿತ್ತು. ಸಮಿತಿಯು ಉತ್ತರ ದಕ್ಷಿಣಗಳೆಂಬ ಎರಡು ಹೆಸರುಗಳನ್ನು ಒಡೆದು ತಾಲ್ಲೂಕಿನ ಮಟ್ಟಕ್ಕೆ ಇಳಿಯಿತು. ದಕ್ಷಿಣದಲ್ಲಿಯೂ ಹಸಿದ ತಾಲ್ಲೂಕುಗಳಿವೆಯೆಂಬುದು ಅದರಿಂದ ಹೊರಬಿದ್ದಿತು. ದೇವದುರ್ಗದ ದುಃಸ್ಥಿತಿಯು ಅಲ್ಲಿನವರ ದೂರಾಗಿ ಉಳಿಯದೆ ರಾಜ್ಯದ ಲೆಕ್ಕಪುಸ್ತಕದಲ್ಲಿ ದಾಖಲಾಯಿತು. 2012ರಲ್ಲಿ ಸಂಸತ್ತು ಸಂವಿಧಾನದ 98ನೆಯ ತಿದ್ದುಪಡಿಯಿಂದ 371(ಜೆ) ವಿಧಿಯನ್ನು ಸೇರಿಸಿ, ಈ ಸೀಮೆಗೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಗೂ ವಿದ್ಯಾಸಂಸ್ಥೆ, ಉದ್ಯೋಗಗಳಲ್ಲಿ ಮೀಸಲಿಗೂ ಅವಕಾಶ ಕಲ್ಪಿಸಿದಾಗ, ಆ ವಾದದ ಬೆನ್ನೆಲುಬಾಗಿ ನಿಂತುದು ಈ ಕೋಷ್ಟಕಗಳೇ. ಒಂದು ಗ್ರಂಥವು ಇಷ್ಟು ಕೆಲಸ ಮಾಡಿದರೆ ಅದು ಸಾಮಾನ್ಯವಲ್ಲ. ದೋಷವನ್ನು ಹೇಳುವುದು ಈ ಗೌರವವನ್ನು ಕಳೆಯುವುದಕ್ಕಲ್ಲ.

ಮೊದಲು ಶಬ್ದವೊಂದನ್ನು ನೋಡಬಹುದು. ವರದಿಯ ವಿಂಗಡಣೆಯೆಲ್ಲವೂ ನಿಂತಿರುವುದು ‘ಹಿಂದುಳಿ’ ಎಂಬ ಧಾತುವಿನ ಮೇಲೆ. ಇದು ಅಕರ್ಮಕ, ಉಳಿದವನೇ ಕರ್ತೃ. ಓಟದಲ್ಲಿ ಎಲ್ಲರೂ ಒಟ್ಟಿಗೆ ಹೊರಟು ಒಬ್ಬನು ಹಿಂದುಳಿದನೆಂದರೆ ಕಾಲು ಅವನದು, ಕುಂದೂ ಅವನದು. ಕಲಬುರಗಿಯ ಸೀಮೆಯು ಆ ಓಟದಲ್ಲಿ ಒಟ್ಟಿಗೆ ಹೊರಡಲೇ ಇಲ್ಲವೆಂಬ ಇತಿಹಾಸವನ್ನು ಸಮಿತಿಯು ಬಲ್ಲುದು. ಆದರೆ ಕೋಷ್ಟಕದ ಭಾಷೆಯಲ್ಲಿ ಆ ಇತಿಹಾಸಕ್ಕೆ ವಿಭಕ್ತಿಯಿಲ್ಲ: ಯಾರಿಂದ, ಯಾವಾಗಿನಿಂದ ಎಂಬ ಪ್ರಶ್ನೆಗಳು ಸಂಖ್ಯೆಯೊಳಗೆ ಕರಗಿಹೋಗಿವೆ. ಕನ್ನಡಕ್ಕೆ ಬಂದ ಮೇಲೆ ಈ ಶಬ್ದವು ತಾಲ್ಲೂಕಿನಿಂದ ಶಾಲೆಗೂ, ಶಾಲೆಯಿಂದ ಮಗುವಿಗೂ ಸಲೀಸಾಗಿ ಇಳಿದಿದೆ. ಹಿಂದುಳಿದ ತಾಲ್ಲೂಕಿನ ಹಿಂದುಳಿದ ಶಾಲೆಯ ಹಿಂದುಳಿದ ವಿದ್ಯಾರ್ಥಿ ಎಂದು ಉಪಾಧ್ಯಾಯರೇ ಹೇಳುವುದುಂಟು. ಮೂರು ಕಡೆಯೂ ಒಂದೇ ಶಬ್ದ. ಅರ್ಥ ಮಾತ್ರ ಒಂದೊಂದು ಕಡೆ ಒಂದೊಂದು.

ಇನ್ನು ಅಳತೆಯ ವಿಚಾರ. ವರದಿಯ ಏಕಾಂಶವು ತಾಲ್ಲೂಕು. ಅದು ಎಷ್ಟರಮಟ್ಟಿಗೆ ತಾಳುತ್ತದೆಂಬುದನ್ನು ಕಲಬುರಗಿ ತಾಲ್ಲೂಕಿನಲ್ಲಿಯೇ ಪರೀಕ್ಷಿಸಬಹುದು. ನಗರದ ಸ್ಟೇಶನ್ ಬಜಾರವು ರೈಲಿನೊಡನೆ ಬೆಳೆದ ಪೇಟೆ. ಮುಂಬಯಿ-ಮದರಾಸು ಮಾರ್ಗವು 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡ ಮೇಲೆ ಈ ಊರಿನ ತೊಗರಿಗೂ ಜನಕ್ಕೂ ಹೊರದಾರಿ ತೆರೆಯಿತು. ಅಲ್ಲಿನ ವರ್ತಕರ, ನೌಕರರ ಮನೆಯ ಮಗುವಿಗೆ ಶಾಲೆಯು ನಡಿಗೆಯ ದೂರದಲ್ಲಿದೆ. ಕಾಲೇಜೂ ವಿಶ್ವವಿದ್ಯಾಲಯವೂ ಇರುವುದು ಅದೇ ನಗರದಲ್ಲಿ. ಹುಮನಾಬಾದಿನ ರಸ್ತೆಯಲ್ಲಿ ಬೀದರದ ಕಡೆಗೆ ಹೋದರೆ ಸಿಗುವ ಕಮಲಾಪುರವು ಕೆಂಪು ಬಾಳೆಗೆ ಹೆಸರಾದ ಊರು. ಅದರ ಸುತ್ತಣ ಗುಡ್ಡಗಳಲ್ಲಿ ಲಂಬಾಣಿ ತಾಂಡಾಗಳಿವೆ. ತಾಂಡಾದ ಮಗು ಮನೆಯಲ್ಲಿ ಲಂಬಾಣಿಯನ್ನಾಡಿ, ಶಾಲೆಯಲ್ಲಿ ಕನ್ನಡದ ಪುಸ್ತಕವನ್ನು ತೆರೆದು, ಪೇಟೆಯಲ್ಲಿ ದಖನಿ ಉರ್ದುವನ್ನು ಕೇಳಿ ಬೆಳೆಯುತ್ತದೆ. ವರದಿ ಹೊರಟ ಕಾಲಕ್ಕೆ ಕಮಲಾಪುರವು ಕಲಬುರಗಿ ತಾಲ್ಲೂಕಿನದೇ ಒಂದು ಭಾಗ. ಆದುದರಿಂದ ಸ್ಟೇಶನ್ ಬಜಾರದ ಮಗುವಿಗೂ ತಾಂಡಾದ ಮಗುವಿಗೂ ವರದಿಯಲ್ಲಿ ಸಿಕ್ಕಿರುವುದು ಒಂದೇ ಸಂಖ್ಯೆ. ದೃಷ್ಟಾಂತಕ್ಕಾಗಿ, ಒಂದು ಶಾಲೆಯಲ್ಲಿ 20 ಮಕ್ಕಳಿಗೊಬ್ಬ, ಇನ್ನೊಂದು ಅಷ್ಟೇ ದೊಡ್ಡ ಶಾಲೆಯಲ್ಲಿ 60 ಮಕ್ಕಳಿಗೊಬ್ಬ ಉಪಾಧ್ಯಾಯನಿರುವನೆಂದು ಭಾವಿಸಿದರೆ, ಎರಡೂ ಕೂಡಿ 30 ಮಕ್ಕಳಿಗೊಬ್ಬನೆಂಬ ಲೆಕ್ಕವು ಬರುತ್ತದೆ. ಈ 30 ಎಂಬುದು ಆ ಎರಡು ಶಾಲೆಗಳಲ್ಲಿ ಯಾವ ಮಗುವಿನ ಅನುಭವವೂ ಅಲ್ಲ. ಸೀಮೆಯ ಸರಾಸರಿಯನ್ನು ಒಡೆದು ತಾಲ್ಲೂಕಿಗೆ ಇಳಿದ ಸಮಿತಿಯು, ಯಾವ ಕಾರಣದಿಂದ ಹಾಗೆ ಇಳಿಯಿತೋ ಅದೇ ಕಾರಣದಿಂದ ಇನ್ನೂ ಒಂದು ಮೆಟ್ಟಿಲು ಇಳಿಯಬೇಕಾಗಿತ್ತು.

ವಿದ್ಯಾಭ್ಯಾಸದ ಸೂಚಿಗಳು ನಾಲ್ಕು: ಸಾಕ್ಷರತೆ, ಉಪಾಧ್ಯಾಯರಿಗೆ ವಿದ್ಯಾರ್ಥಿಗಳ ಪ್ರಮಾಣ, 6ರಿಂದ 14 ವರ್ಷದೊಳಗೆ ಶಾಲೆಯಿಂದ ಹೊರಗುಳಿದ ಮಕ್ಕಳು, ಮತ್ತು ಪದವಿ ಕಾಲೇಜುಗಳಲ್ಲಿರುವ ವಿದ್ಯಾರ್ಥಿಗಳ ಸಂಖ್ಯೆ. ಇವುಗಳಲ್ಲಿ ಸಾಕ್ಷರತೆಯು ಎಲ್ಲಕ್ಕಿಂತ ಪ್ರಸಿದ್ಧವಾದುದು. ತಪ್ಪಾಗಿ ಓದುವುದಕ್ಕೆ ಎಲ್ಲಕ್ಕಿಂತ ಸುಲಭವಾದುದೂ ಅದೇ. ಗುಲ್ಬರ್ಗಾ ಜಿಲ್ಲೆಯಲ್ಲಿ ಅಕ್ಷರಸ್ಥರು 1991ರಲ್ಲಿ ನೂರಕ್ಕೆ 38.54, 2001ರಲ್ಲಿ 50.01. ರಾಜ್ಯದಲ್ಲಿ ಅದೇ ವರ್ಷಗಳಲ್ಲಿ 56.04, 66.64. ಜನಗಣತಿಯು ಏಳು ವರ್ಷಕ್ಕೆ ಮೇಲ್ಪಟ್ಟವರನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. 2001ರಲ್ಲಿ ಅರುವತ್ತು ವರ್ಷದವಳಾಗಿದ್ದ ಕಲಬುರಗಿಯ ಹೆಂಗಸು ಶಾಲೆಗೆ ಹೋಗಬೇಕಾಗಿದ್ದುದು ನಿಜಾಮರ ರಾಜ್ಯವು ಮುಗಿಯುವ ವರ್ಷಗಳಲ್ಲಿ, 1948ರ ಆಚೀಚೆಗೆ. ಅವಳು ಓದಲಿಲ್ಲವೆಂಬುದು ಆ ಕಾಲದ ಸಾಕ್ಷ್ಯವೇ ಹೊರತು 2001ರ ಶಾಲೆಯ ಮೇಲಣ ತೀರ್ಪಲ್ಲ. ಹೀಗೆ ಸಾಕ್ಷರತೆಯೆಂಬ ಒಂದು ಅಂಕೆಯೊಳಗೆ ಅರುವತ್ತು ವರ್ಷಗಳ ಶಾಲೆಗಳು ಪದರುಪದರಾಗಿ ಕೂತಿವೆ. ವರದಿಯು ಅದನ್ನು ಈ ಹೊತ್ತಿನ ಕೊರತೆಯೆಂದು ಓದುತ್ತದೆ. ವಾಸ್ತವದಲ್ಲಿ ಅದು ಅರ್ಧ ಇತಿಹಾಸ, ಅರ್ಧ ವರ್ತಮಾನ. ಹಳಬರು ತೀರಿಕೊಂಡು ಹೊಸಬರು ಬಂದುದರಿಂದಲೇ ಈ ಅಂಕೆಯು ಏರುತ್ತ ಹೋಗುತ್ತದೆ. 2011ರಲ್ಲಿ ಕಲಬುರಗಿ ಜಿಲ್ಲೆ 64.85ಕ್ಕೆ ಏರಿತು, ಅದರಿಂದ ಬೇರ್ಪಟ್ಟ ಯಾದಗಿರಿ 51.83ರಲ್ಲಿ ರಾಜ್ಯದ ಕೊನೆಯ ಸ್ಥಾನದಲ್ಲಿ ನಿಂತಿತು. ಈ ಏರಿಕೆಯಲ್ಲಿ ಶಾಲೆಯ ಪಾಲೆಷ್ಟು, ಕಾಲದ ಪಾಲೆಷ್ಟು ಎಂಬುದನ್ನು ಬೇರ್ಪಡಿಸುವ ಸಾಧನವು ಆ ಒಂದು ಸಂಖ್ಯೆಯಲ್ಲಿಲ್ಲ.

ಶಾಲೆಯಿಂದ ಹೊರಗುಳಿದ ಮಕ್ಕಳ ಅಂಕಣವು ಇದಕ್ಕಿಂತ ನೇರವಾದುದೆಂದು ತೋರಬಹುದು. ಈ ಸೀಮೆಯನ್ನು ಬಲ್ಲವರಿಗೆ ಹಾಗೆ ತೋರದು. ಕಾರಣ, ಗುಳೆ. ಸುಗ್ಗಿ ಮುಗಿದು ಕೂಲಿ ಬತ್ತಿದೊಡನೆ ಕಲಬುರಗಿ, ಯಾದಗಿರಿ, ರಾಯಚೂರುಗಳ ಒಣಭೂಮಿಯ ಕುಟುಂಬಗಳು ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳ ಕಟ್ಟಡದ ಕೆಲಸಕ್ಕೂ, ಕಬ್ಬು ಕಡಿಯುವುದಕ್ಕೂ ಹೊರಡುತ್ತವೆ. ಗಂಟುಮೂಟೆ ಹೊತ್ತ ಹಿರಿಯರ ಹಿಂದೆ ಕೈಕೂಸುಗಳೂ ಶಾಲೆಯ ಮಕ್ಕಳೂ ರೈಲಿಗಾಗಿ ಕಾಯುವ ಬೇಸಗೆಯ ನೋಟವು ಸ್ಟೇಶನ್ ಬಜಾರದವರಿಗೆ ಹೊಸದಲ್ಲ. ಆ ಮಗುವಿನ ಹೆಸರು ಜೂನ್ ತಿಂಗಳಲ್ಲಿ ಹಾಜರಿ ಪುಸ್ತಕಕ್ಕೆ ಏರಿರುತ್ತದೆ. ಅದು ‘ಹೊರಗುಳಿದ ಮಗು’ ಅಲ್ಲ. ಮಾಘ, ಫಾಲ್ಗುಣಗಳಲ್ಲಿ ಅದು ಎಲ್ಲಿರುತ್ತದೆಂದು ಕೇಳುವ ಅಂಕಣವು ವರದಿಯಲ್ಲಿಲ್ಲ. ದಾಖಲಾತಿಯನ್ನು ಎಣಿಸುವ ವಿದ್ಯೆಯು ಸ್ಥಾವರದ್ದು. ಈ ಮಗು ಜಂಗಮ. ಸರಕಾರವು ಋತುಮಾನದ ವಸತಿ ಶಾಲೆಗಳನ್ನೂ ಟೆಂಟು ಶಾಲೆಗಳನ್ನೂ ನಡೆಸಿದುದು ಈ ತೊಡಕನ್ನು ಅರಿತೇ. ಹಾಗಿದ್ದರೂ ತಾಲ್ಲೂಕಿನ ಸಂಖ್ಯೆಯಲ್ಲಿ ಅದರ ಛಾಯೆಯು ಬೀಳಲಿಲ್ಲ.

ಕಾಲೇಜಿನ ಅಂಕಣದ ವಿಚಾರವನ್ನು ಬೆಳೆಸಬೇಕಾಗಿಲ್ಲ: ಕಾಲೇಜು ಜಿಲ್ಲಾ ಕೇಂದ್ರದಲ್ಲಿದ್ದರೆ ಸುತ್ತಣ ತಾಲ್ಲೂಕಿನ ವಿದ್ಯಾರ್ಥಿಗಳು ಅಲ್ಲಿಗೇ ಬರುತ್ತಾರೆ; ಲೆಕ್ಕವು ಕೇಂದ್ರದ ಪಾಲಿಗೆ ಸಂದುಹೋಗುತ್ತದೆ.

ಇದಕ್ಕಿಂತ ಗಂಭೀರವಾದ ಆಕ್ಷೇಪಣೆಯೊಂದು ಕೂಡಿಸುವ ಕ್ರಮಕ್ಕೆ ಸಂಬಂಧಪಟ್ಟುದು. 35 ಸೂಚಿಗಳನ್ನು ಕೂಡಿಸಿ ಒಂದು ಮಾಡಿದಾಗ ಒಂದರ ಕೊರತೆಯನ್ನು ಇನ್ನೊಂದರ ಸಮೃದ್ಧಿಯು ತುಂಬುತ್ತದೆ. ಬ್ಯಾಂಕಿನ ಶಾಖೆಗಳೂ ರಸ್ತೆಯೂ ಹೆಚ್ಚಿರುವ ತಾಲ್ಲೂಕಿನಲ್ಲಿ ಉಪಾಧ್ಯಾಯರ ಅಭಾವವು ಅಡಗಿಹೋಗಬಹುದು. ಹಣಕ್ಕೆ ಬದಲಾಗಿ ದವಸ ದೊರೆಯುತ್ತದೆ. ಓದು ಬಾರದ ಮಗುವಿಗೆ ಬದಲಾಗಿ ಬ್ಯಾಂಕಿನ ಶಾಖೆಯು ದೊರೆತರೆ ಅದು ಯಾವ ವಿನಿಮಯ? ಅದಲ್ಲದೆ, ರಾಜ್ಯದ ಸರಾಸರಿಯನ್ನೇ 1 ಎಂದಿಟ್ಟುಕೊಂಡಿರುವುದರಿಂದ, ಎಲ್ಲ ತಾಲ್ಲೂಕುಗಳೂ ಒಂದೇ ಪ್ರಮಾಣದಲ್ಲಿ ಮೇಲೇರಿದರೆ ಯಾವ ತಾಲ್ಲೂಕಿನ ಸಂಖ್ಯೆಯೂ ಬದಲಾಗದು. ಎಲ್ಲವೂ ಹಾಗೆಯೇ ಕುಸಿದರೂ ಬದಲಾಗದು. ಹಣ ಹಂಚುವವನಿಗೆ ಈ ಸಾಪೇಕ್ಷ ಮಾನದಂಡವು ಸಾಕು. ಮಗುವಿನ ಸ್ಥಿತಿಯನ್ನು ತಿಳಿಯಬೇಕೆನ್ನುವವನಿಗೆ ಸಾಲದು.

ಸೂಚಿಗಳು ಆರನೆಯ ವರ್ಷಕ್ಕೆ ಮೊದಲು ಬಾಯಿ ತೆರೆಯುವುದೇ ಇಲ್ಲ. ವರದಿಯ ಕಾಲಕ್ಕೆ ಅರ್ಥಶಾಸ್ತ್ರದ ಗಮನವು ಆ ಕಡೆಗೆ ತಿರುಗುತ್ತಿದ್ದಿತು. ಅಮೆರಿಕೆಯ ಯಿಪ್ಸಿಲಾಂಟಿ ಎಂಬ ಊರಿನಲ್ಲಿ 1962ರಿಂದ 1967ರವರೆಗೆ 123 ಬಡ ನೀಗ್ರೋ ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, 58 ಮಕ್ಕಳಿಗೆ ಶಿಶುವಿಹಾರದ ಶಿಕ್ಷಣವನ್ನು ಕೊಟ್ಟು, ಉಳಿದ 65 ಮಕ್ಕಳಿಗೆ ಕೊಡದೆ, ಎರಡು ಗುಂಪುಗಳನ್ನೂ ನಡುವಯಸ್ಸಿನವರೆಗೆ ಹಿಂಬಾಲಿಸಿ ನೋಡಿದರು. 2000ದಲ್ಲಿ ನೊಬೆಲ್ ಬಹುಮಾನ ಪಡೆದ ಜೇಮ್ಸ್ ಹೆಕ್ಮನ್ ಆ ಫಲಿತಾಂಶವನ್ನು ಲೆಕ್ಕ ಹಾಕಿ, ಎಳೆಯ ವಯಸ್ಸಿನಲ್ಲಿ ಹಾಕಿದ ಹಣದ ಪ್ರತಿಫಲವು ಮುಂದಿನ ವಯಸ್ಸಿನಲ್ಲಿ ಹಾಕಿದುದಕ್ಕಿಂತ ಹೆಚ್ಚೆಂದು ವಾದಿಸಿದರು. 123 ಮಕ್ಕಳ ಮೇಲಣ ಪ್ರಯೋಗವನ್ನು ಲೋಕಕ್ಕೆಲ್ಲ ಹಬ್ಬಿಸುವುದರಲ್ಲಿ ಸಾಹಸವಿದೆ. ಆದರೂ ಪ್ರಶ್ನೆಯು ಸರಿಯಾದುದು. ಭಾರತದಲ್ಲಿ ಅಂಗನವಾಡಿಯ ಯೋಜನೆಯು 1975ರ ಅಕ್ಟೋಬರ್ 2ರಂದು 33 ಕಡೆಗಳಲ್ಲಿ ಪ್ರಾರಂಭವಾದಾಗ ಕರ್ನಾಟಕದ ಪಾಲಿಗೆ ಬಂದ ಒಂದು ಕೇಂದ್ರವು ತಿರುಮಕೂಡಲು ನರಸೀಪುರಕ್ಕೆ ಹೋಯಿತು, ಹಳೆಯ ಮೈಸೂರಿಗೆ. ಅಸಮತೋಲನವನ್ನು ಹುಡುಕುತ್ತಿದ್ದ ಸಮಿತಿಯು ಇಂಥ ಕಡೆಯಲ್ಲಿ ಅಗೆದಿದ್ದರೆ ಬಹಳ ಸಿಕ್ಕುತ್ತಿದ್ದಿತು.

ವರದಿಯ ಪರವಾಗಿ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಶಾಲೆ, ಉಪಾಧ್ಯಾಯ, ಕೊಠಡಿಗಳನ್ನು ಎಣಿಸುವುದು ವ್ಯರ್ಥವೆಂದು ಹೇಳುವವರು ಅತಿಗೆ ಹೋಗುತ್ತಾರೆ. ಇಂಡೊನೇಶ್ಯದ ಸರಕಾರವು 1973ರಿಂದ ಕೆಲವೇ ವರ್ಷಗಳಲ್ಲಿ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು ಕಟ್ಟಿಸಿತು. ಎಲ್ಲಿ ಶಾಲೆಗಳು ಹೆಚ್ಚು ಎದ್ದುವೋ ಅಲ್ಲಿನ ಮಕ್ಕಳು ಹೆಚ್ಚು ವರ್ಷ ಓದಿದರೆಂದೂ ದೊಡ್ಡವರಾದ ಮೇಲೆ ಹೆಚ್ಚು ಗಳಿಸಿದರೆಂದೂ ಎಸ್ತೇರ್ ದುಫ್ಲೊ 2001ರಲ್ಲಿ ತೋರಿಸಿದರು. ಶಾಲೆಯೇ ಇಲ್ಲದ ಕಡೆ ಶಾಲೆಯೇ ಮೊದಲ ಔಷಧ. ಸಮಿತಿಯು ಕಂಡ ಕಲಬುರಗಿ ವಿಭಾಗದಲ್ಲಿ ಅಂಥ ಊರುಗಳು ಆಗ ಕಡಮೆಯಿರಲಿಲ್ಲ. ಕೊಠಡಿ ಬಂದ ಮೇಲೆ ಏನೆಂಬುದೇ ವರದಿಯು ಕೇಳದೆ ಬಿಟ್ಟ ಪ್ರಶ್ನೆ. 2005ರಿಂದ ‘ಪ್ರಥಮ್’ ಸಂಸ್ಥೆಯು ನಡೆಸುತ್ತ ಬಂದಿರುವ ಗ್ರಾಮಾಂತರ ಸಮೀಕ್ಷೆಗಳು ದೇಶಕ್ಕೆಲ್ಲ ಸಾರಿದ್ದು ಇದನ್ನೇ: ಹಾಜರಿಯಲ್ಲಿ ಹೆಸರಿದ್ದು, ಐದನೆಯ ತರಗತಿಗೆ ಬಂದು, ಎರಡನೆಯ ತರಗತಿಯ ಪಾಠವನ್ನು ಓದಲಾರದ ಮಕ್ಕಳು ಅಸಂಖ್ಯರು.

2025ರಲ್ಲಿ ಎಸ್. ಎಸ್. ಎಲ್. ಸಿ. ಪರೀಕ್ಷೆಯ ಫಲಿತಾಂಶವು ಹೊರಬಿದ್ದಾಗ ದಕ್ಷಿಣ ಕನ್ನಡದಲ್ಲಿ ನೂರಕ್ಕೆ 91.12 ಮಂದಿ ತೇರ್ಗಡೆಯಾದರೆ, ಪಟ್ಟಿಯ ಕೊನೆಯಲ್ಲಿದ್ದ ಕಲಬುರಗಿಯಲ್ಲಿ 42.43. ಅದರ ಹಿಂದಣ ವರ್ಷ ಕೊನೆಯ ಸ್ಥಾನದಲ್ಲಿದ್ದುದು ಯಾದಗಿರಿ, 50.59ರೊಡನೆ. 2024ರಿಂದ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾದ ಕಾವಲು ಬಿಗಿಯಾದ ಮೇಲೆ ರಾಜ್ಯದ ಅಂಕೆಗಳೆಲ್ಲ ಇಳಿದುವೆಂಬುದನ್ನು ನೆನೆದರೆ, ಮೊದಲಿನ ಅಂಕೆಗಳು ಎಷ್ಟು ನಿಜವಾಗಿದ್ದುವೆಂಬ ಸಂಶಯವೂ ಏಳುತ್ತದೆ. 2025ರಲ್ಲಿ ಆ ಪರೀಕ್ಷೆಗೆ ಕುಳಿತ ಮಗು ಹುಟ್ಟಿದುದು 2009ರ ಸುಮಾರಿಗೆ, ಅಂದರೆ ವರದಿಯು ಹೊರಟು ಏಳು ವರ್ಷಗಳಾದ ಮೇಲೆ. ಅದು ಒಂದನೆಯ ತರಗತಿಗೆ ಕಾಲಿಟ್ಟಾಗ 371(ಜೆ) ವಿಧಿಯು ಜಾರಿಯಲ್ಲಿದ್ದಿತು, ಅಭಿವೃದ್ಧಿ ಮಂಡಳಿಯು ಹಣ ವೆಚ್ಚ ಮಾಡುತ್ತಿದ್ದಿತು, ಕೊಠಡಿಗಳು ಎದ್ದಿದ್ದುವು. ವರದಿಯ ಔಷಧವನ್ನು ಹುಟ್ಟಿನಿಂದ ಸೇವಿಸಿದ ಮಗುವಿದು. ಅರ್ಧಕ್ಕಿಂತ ಹೆಚ್ಚು ಮಂದಿ ಮೊದಲ ಪರೀಕ್ಷೆಯಲ್ಲಿ ಎಡವಿದರೆಂದ ಮೇಲೆ, ಔಷಧದ ಪ್ರಮಾಣವು ಸಾಲದೆ ಹೋಯಿತೋ ರೋಗದ ಪರೀಕ್ಷೆಯೇ ಅರ್ಧವಾಗಿದ್ದಿತೋ ಎಂಬುದನ್ನು ವಿಚಾರಿಸಲೇಬೇಕು. ಹಣವು ಸಾಲದೆಂದು ಮಾತ್ರ ಹೇಳುವವರು ವರದಿಯ ಮಾತನ್ನೇ ಇನ್ನೊಮ್ಮೆ ಹೇಳಿದಂತಾಗುತ್ತದೆ.

ವರದಿಯು ಸರಕಾರದ ಕೈ ಸೇರಿದ ವರ್ಷದಲ್ಲಿಯೇ ಈ ಸೀಮೆಯಲ್ಲಿ ಇನ್ನೊಂದು ಕೆಲಸವೂ ಮೊದಲಾಯಿತು. ಶಾಲೆಯಲ್ಲಿ ಬೇಯಿಸಿದ ಊಟವನ್ನು ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 28ರಂದು ಆಜ್ಞಾಪಿಸಿದ ಮೇಲೆ, ಕರ್ನಾಟಕವು 2002-03ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲು ಅದನ್ನು ಆರಂಭಿಸಿ ‘ಅಕ್ಷರ ದಾಸೋಹ’ವೆಂದು ಕರೆಯಿತು. ಸರಕಾರದ ಕಡತಗಳಲ್ಲಿ ಇಷ್ಟು ಸೊಗಸಾದ ಹೆಸರು ಅಪರೂಪ. ದಾಸೋಹವೆಂಬುದು ಶರಣರ ಶಬ್ದ; ಮಹಾದಾಸೋಹಿಯೆಂದು ಹೆಸರಾದ ಶರಣಬಸವೇಶ್ವರರ ಕಲಬುರಗಿಯಲ್ಲಿ ಅದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ‘ಹಿಂದುಳಿದ’ ಎಂಬ ಮಾತು ಎಲ್ಲಿ ಪಡೆಯುವವನ ಕುಂದನ್ನು ಹೇಳುತ್ತದೆಯೋ, ಅಲ್ಲಿ ‘ದಾಸೋಹ’ವೆಂಬುದು ಕೊಡುವವನನ್ನು ದಾಸನನ್ನಾಗಿ ಮಾಡುತ್ತದೆ. ವರದಿಯ ಭಾಷೆಗೂ ಈ ಯೋಜನೆಯ ಭಾಷೆಗೂ ಇರುವ ಅಂತರವು ಅಲಂಕಾರದ್ದಲ್ಲ: ಒಂದು ತಾಲ್ಲೂಕನ್ನು ನೋಡಿತು, ಇನ್ನೊಂದು ತಟ್ಟೆಯ ಮುಂದೆ ಕುಳಿತ ಮಗುವನ್ನು.

ಊಟದ ಫಲವನ್ನು ಅರ್ಥಶಾಸ್ತ್ರಜ್ಞರು ಆ ಮೇಲೆ ಪರೀಕ್ಷಿಸಿದರು. ರಾಜ್ಯಗಳು ಒಂದರ ಹಿಂದೊಂದಾಗಿ ಬೇರೆ ಬೇರೆ ವರ್ಷಗಳಲ್ಲಿ ಊಟವನ್ನು ಪ್ರಾರಂಭಿಸಿದ ಕಾರಣ, ಮೊದಲು ಪಡೆದವರನ್ನೂ ತಡವಾಗಿ ಪಡೆದವರನ್ನೂ ಹೋಲಿಸುವ ಅವಕಾಶವು ದೊರೆಯಿತು. ರಾಜಶ್ರೀ ಜಯರಾಮನ್ ಮತ್ತು ಡೋರಾ ಸಿಮ್ರೋತ್ ದಾಖಲಾತಿಯು ಏರಿದುದನ್ನು ಕಂಡರು. ತನಿಕಾ ಚಕ್ರವರ್ತಿ ಮತ್ತು ಜಯರಾಮನ್ 2019ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಐದು ವರ್ಷಗಳವರೆಗೆ ಊಟವನ್ನು ಪಡೆದ ಮಕ್ಕಳ ಓದಿನ ಅಂಕಗಳು ಒಂದು ವರ್ಷಕ್ಕಿಂತ ಕಡಮೆ ಪಡೆದವರಿಗಿಂತ ನೂರಕ್ಕೆ 18ರಷ್ಟು, ಗಣಿತದ ಅಂಕಗಳು 9ರಷ್ಟು ಹೆಚ್ಚೆಂದು ತೋರಿಸಿದರು. 2021ರಲ್ಲಿ ಇನ್ನೊಂದು ಸಂಶೋಧನೆಯು, ಶಾಲೆಯಲ್ಲಿ ಊಟ ಮಾಡಿದ ಹುಡುಗಿಯರು ಮುಂದೆ ತಾಯಂದಿರಾದಾಗ ಅವರ ಮಕ್ಕಳು ಹೆಚ್ಚು ಎತ್ತರವಾಗಿ ಬೆಳೆದರೆಂದು ಹೇಳಿತು. ಒಂದು ಹೊತ್ತಿನ ಅನ್ನವು ಎರಡು ತಲೆಮಾರುಗಳ ಮೈಯಲ್ಲಿ ಓದಿಸಿಕೊಳ್ಳುತ್ತದೆಂದ ಮೇಲೆ, 35 ಸೂಚಿಗಳ ಅಳತೆಯಲ್ಲಿ ಅದಕ್ಕೆ ಸ್ಥಳವಿಲ್ಲದುದು ಸಣ್ಣ ಲೋಪವಲ್ಲ.

ಮಗುವನ್ನೇ ನೇರವಾಗಿ ನೋಡುವುದರಲ್ಲಿಯೂ ತಪ್ಪಿಗೆ ಎಡೆಯುಂಟು. 2021ರ ಡಿಸೆಂಬರಿನಲ್ಲಿ ಈ ಸೀಮೆಯ ಜಿಲ್ಲೆಗಳ ಶಾಲೆಗಳಲ್ಲಿ ಊಟದೊಡನೆ ಮೊಟ್ಟೆಯನ್ನೂ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣನ್ನೂ ಕೊಡತೊಡಗಿದರು. ಅದರ ಮೇಲೆ ಎದ್ದ ವಾದವು ಎಲ್ಲರಿಗೂ ತಿಳಿದುದೇ. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು ಮೊಟ್ಟೆ ಪಡೆದ ಯಾದಗಿರಿಯ ಮಕ್ಕಳನ್ನೂ ಪಡೆಯದ ಗದಗಿನ ಮಕ್ಕಳನ್ನೂ ತೂಗಿ ನೋಡಿ, ಎಂಟನೆಯ ತರಗತಿಯ ಹುಡುಗಿಯರಲ್ಲಿ ಯಾದಗಿರಿಯವರ ತೂಕದ ಏರಿಕೆಯು ಗದಗಿನವರಿಗಿಂತ ನೂರಕ್ಕೆ 71ರವರೆಗೆ ಹೆಚ್ಚೆಂದು 2022ರಲ್ಲಿ ವರದಿ ಮಾಡಿತು. ಈ 71ನ್ನು ತೂಕವೇ ಅಷ್ಟು ಹೆಚ್ಚಾಯಿತೆಂದು ಓದಿದವರುಂಟು. ಅದು ಏರಿಕೆಗಳ ನಡುವಣ ಅಂತರ. ಗದಗಿನ ಹುಡುಗಿಯು ಒಂದು ಕಿಲೋ ಏರಿದ್ದರೆ ಯಾದಗಿರಿಯವಳು 1.71 ಕಿಲೋ ಏರಿದಳೆಂಬುದಷ್ಟೇ ಅದರ ಅರ್ಥ. ಹೋಲಿಸಿದುದು ಎರಡು ಜಿಲ್ಲೆಗಳನ್ನು ಮಾತ್ರ. ಯಿಪ್ಸಿಲಾಂಟಿಯಲ್ಲಿದ್ದಂತೆ ಚೀಟಿ ಎತ್ತಿ ಹಂಚಿದುದಲ್ಲ. ಯಾದಗಿರಿಯ ಮಕ್ಕಳು ಮೊದಲೇ ಬಡಕಲಾದುದರಿಂದ, 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಎಳೆಯ ಮಕ್ಕಳಲ್ಲಿ ನೂರಕ್ಕೆ 35.4 ಮಂದಿ ಕುಂಠಿತರಾಗಿದ್ದರೆ ಯಾದಗಿರಿಯಲ್ಲಿ ಅರ್ಧಕ್ಕೂ ಮೇಲಾದುದರಿಂದ, ಸ್ವಲ್ಪ ಆಹಾರಕ್ಕೇ ಮೈಯು ಬೇಗ ತುಂಬಿಕೊಂಡಿರಲೂಬಹುದು. ಆದರೂ ಇಂಥ ದೋಷಗಳನ್ನೆಲ್ಲ ಎಣಿಸಿದ ಮೇಲೂ ಉಳಿಯುವುದೊಂದಿದೆ. ಹಸಿದ ಹುಡುಗಿಗೆ ಮೊಟ್ಟೆ ಕೊಟ್ಟರೆ ಅವಳ ತೂಕವು ಏರುವುದೆಂಬುದನ್ನು ಸ್ಥಾಪಿಸಲು ಇಷ್ಟು ಗಣಿತವು ಬೇಕಾಯಿತೆಂಬುದೇ ಆ ವಾದದ ಕಾಲವನ್ನು ಕುರಿತು ಬೇಕಾದಷ್ಟು ಹೇಳುತ್ತದೆ. ಆ ಮೇಲೆ ಮೊಟ್ಟೆಯು ರಾಜ್ಯದ ಉಳಿದ ಜಿಲ್ಲೆಗಳಿಗೂ ಹಬ್ಬಿತು. ಮೊದಲು ಪಡೆದುದು ಈ ಸೀಮೆ; ಇಲ್ಲಿನ ಮಕ್ಕಳ ತೂಕವು ದಕ್ಷಿಣದ ಮಕ್ಕಳ ಊಟಕ್ಕೆ ಆಧಾರವಾಯಿತೆಂಬುದನ್ನು ‘ಹಿಂದುಳಿದ’ ಎಂಬ ಶಬ್ದದ ಬಳಕೆದಾರರು ಒಮ್ಮೆ ಮನಸ್ಸಿಗೆ ತಂದುಕೊಳ್ಳಬಹುದು.

2024ರಲ್ಲಿ ಸರಕಾರವು ಪ್ರೊ|| ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನವನ್ನೇ ಕುರಿತು ಇನ್ನೊಂದು ಸಮಿತಿಯನ್ನು ನೇಮಿಸಿತು. ಹಳೆಯ ವರದಿಯನ್ನೂ ಹೊಸ ಅಂಕೆಗಳನ್ನೂ ಹೋಲಿಸಲು ಹೊರಡುವವರಿಗೆ ಎದುರಾಗುವ ತೊಡಕುಗಳಲ್ಲಿ ಮೊದಲನೆಯದು ಗಡಿಯದು. 2017ರ ತರುವಾಯ ಹಲವಾರು ಹೊಸ ತಾಲ್ಲೂಕುಗಳು ಹುಟ್ಟಿಕೊಂಡಿವೆ. 175 ತಾಲ್ಲೂಕುಗಳ ಸಂಖ್ಯೆಗಳನ್ನು ಅವುಗಳೊಡನೆ ನೇರವಾಗಿ ಇಟ್ಟು ನೋಡುವಂತಿಲ್ಲ. ಒಡೆದುವನ್ನು ಮತ್ತೆ ಕೂಡಿಸಿ ಲೆಕ್ಕ ಹಾಕಬೇಕು. ಕಮಲಾಪುರವು 2018ರಿಂದ ಬೇರೆ ತಾಲ್ಲೂಕು. ಅದು ಹೊರಗೆ ಹೋದುದರಿಂದ ಕಲಬುರಗಿ ತಾಲ್ಲೂಕಿನ ಸರಾಸರಿಯು, ಅಲ್ಲಿ ಒಬ್ಬ ಉಪಾಧ್ಯಾಯನೂ ಹೆಚ್ಚದೆ, ಒಂದು ಮಗುವೂ ಹೆಚ್ಚು ಓದದೆ, ತಾನೇ ಮೇಲೇರಿದಂತೆ ಕಾಣಬಹುದು. ಕಮಲಾಪುರಕ್ಕೆ ತನ್ನದೇ ಆದ ಸಾಲೊಂದು ಕೋಷ್ಟಕದಲ್ಲಿ ಮೊದಲ ಸಲ ದೊರೆಯುತ್ತದೆ. ಆ ಸಾಲಿನೊಳಗೆ ಊರಿನ ಶಾಲೆಯೂ ತಾಂಡಾದ ಶಾಲೆಯೂ ಮತ್ತೆ ಒಂದೇ ಸಂಖ್ಯೆಯಾಗಿ ಕೂಡುವುವೋ, ಗುಳೆ ಹೋದ ತಿಂಗಳುಗಳಿಗೊಂದು ಅಂಕಣವು ಬರುವುದೋ ಎಂಬುದು ಕೋಷ್ಟಕವನ್ನು ಗೀಟು ಹಾಕುವವರ ಕೈಯಲ್ಲಿದೆ.